ಹದಿನೇಳು ಅಕ್ಷರಗಳಲ್ಲಿ ನಮ್ಮೂರು

ಹಾಯ್ಕು ಜಪಾನಿನ ಕಿರುಗವಿತೆ. 5-7-5ರಂತೆ ಒಟ್ಟು 17 ಉಚ್ಚಾರ ಘಟಕಗಳು. 17ನೆಯ ಶತಮಾನದಲ್ಲಿ ಬಾಷೋ ಈ ಪ್ರಕಾರಕ್ಕೆ ಹಿರಿಮೆ ತಂದನು. 'ಹಾಯ್ಕು' ಎಂಬ ಹೆಸರನ್ನು ರೂಢಿಗೆ ತಂದವನು ಶಿಕಿ (1867-1902). ಕನ್ನಡದಲ್ಲಿ ಅಕ್ಷರ ಎಣಿಸಿದರೆ ಸಾಕು. ಪ್ರಾಸದ ಹಂಗಿಲ್ಲ, ಮಕ್ಕಳಿಗೂ ಎಟಕುತ್ತದೆ.

ಋತುವನ್ನು ಸೂಚಿಸುವ ಒಂದು ಪದ ಇರಬೇಕೆಂಬುದು ಇದರ ಸಂಪ್ರದಾಯ. ಜಪಾನಿನ ಮಕ್ಕಳಿಗೆ ಅದು ಚೆರಿ ಹೂವು, ಹಿಮ. ಕಾಸರಗೋಡಿನ ಮಕ್ಕಳಿಗೆ ಹಿಮವೇಕೆ? ಆಟಿಯ ಜಡಿಮಳೆಯಿದೆ, ಅಂಗಳದಲ್ಲಿ ಒಣಗುವ ಅಡಕೆಯಿದೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳವಿದೆ.

ಕಲಿಸುವ ಕ್ರಮ ಸರಳ. ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಲಿ. 'ಸುಂದರ', 'ರಮಣೀಯ' ಎಂಬವನ್ನು ಹೊಡೆದುಹಾಕಿಸಿ. ಬಳಿಕ ಬೆರಳು ಮಡಚಿ ಎಣಿಸಲಿ. ಮುರಕಲ್ಲಿನ ಗುಡ್ಡ ಕೊರೆದು ನೀರು ತರುವ ನಮ್ಮ ಸುರಂಗದ ಬೇಸಗೆಯನ್ನು ಮಾದರಿಗಾಗಿ ಹೀಗೆ ಹೇಳಬಹುದು:

ಸುರಂಗದೊಳು
ತೊಟ್ಟಿಕ್ಕುವ ಹನಿಗೆ
ಕಾದಿದೆ ಕೊಡ

ಇದು ಬರಿಯ ಆಟವಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಾಡು ನಮ್ಮದು. ಹಲವು ಮಕ್ಕಳಿಗೆ ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಕನ್ನಡ ಪರೀಕ್ಷೆಯ ಉತ್ತರಕ್ಕಷ್ಟೇ ಎಂಬಂತಾಗಬಾರದು. ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಹೋರಾಟ ಬೇಕು, ನಿಜ. ಆದರೆ ತಾನು ಕಂಡ ಹನಿಗೆ ಮಗು ಕನ್ನಡದಲ್ಲೇ ಪದ ಹುಡುಕದಿದ್ದರೆ ಆ ಹಕ್ಕನ್ನು ನಾಳೆ ಕೇಳುವವರು ಯಾರು?

ಅಧ್ಯಾಪಕರು ವಾರಕ್ಕೊಂದು ಅವಧಿ, ಹೆತ್ತವರು ಸಂಜೆ ಹತ್ತು ನಿಮಿಷ ಕೊಡಲಿ. ತುಳು ಪದವೊಂದು ನಡುವೆ ನುಸುಳಿದರೆ ತಿದ್ದಬೇಡಿ. ಅದೂ ಈ ಮಣ್ಣಿನದೇ.