ಕರ್ನಲ್ ನವೀಕರಣದ ನಂತರ ತೆರೆಯದ ಗೂಢಲಿಪಿ ಡಿಸ್ಕ್: ಫಾರ್ಮ್ಯಾಟ್‌ಗೆ ಮುನ್ನ ಪರೀಕ್ಷಿಸಿ

ಲಿನಕ್ಸ್ ಗಣಕಯಂತ್ರದಲ್ಲಿ ಕರ್ನಲ್ ನವೀಕರಣಗೊಂಡ ಬಳಿಕ, ಅದುವರೆಗೆ ತಾನಾಗಿಯೇ ತೆರೆದುಕೊಳ್ಳುತ್ತಿದ್ದ ಗೂಢಲಿಪಿ ರಕ್ಷಿತ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಏಕಾಏಕಿ ಮೌನ ವಹಿಸುವುದುಂಟು. ಹಲವು ವರ್ಷಗಳ ಛಾಯಾಚಿತ್ರಗಳು, ಕಚೇರಿಯ ಲೆಕ್ಕಪತ್ರಗಳು ಹಾಳಾದವೆಂದು ಬಳಕೆದಾರರು ಗಾಬರಿಗೊಳ್ಳುವುದು ಸಹಜ. ಆದರೆ ಕರ್ನಲ್ ನವೀಕರಣವು ಹೊರಗಿನ ಡಿಸ್ಕಿನಲ್ಲಿರುವ ಮಾಹಿತಿಯನ್ನು ಮುಟ್ಟುವುದಿಲ್ಲ. ದೋಷವಿರುವುದು ಸಾಮಾನ್ಯವಾಗಿ ಅದನ್ನು ತೆರೆಯುವ ವ್ಯವಸ್ಥೆಯಲ್ಲಿ. ಆತುರಪಟ್ಟು ಫಾರ್ಮ್ಯಾಟ್ ಮಾಡಿದರೆ ಮಾತ್ರ ನಷ್ಟ ನಿಜವಾಗುತ್ತದೆ.

ಮೂರು ಹಂತಗಳು

ಲಿನಕ್ಸ್‌ನಲ್ಲಿ ಡಿಸ್ಕ್ ರಕ್ಷಣೆಗೆ ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನದ ಹೆಸರು ಲಕ್ಸ್. 2004ರಲ್ಲಿ ಕರ್ನಲ್‌ನ 2.6.4ನೇ ಆವೃತ್ತಿಗೆ ಸೇರ್ಪಡೆಯಾದ ಡಿಎಂ-ಕ್ರಿಪ್ಟ್ ಎಂಬ ಘಟಕವೇ ಇದಕ್ಕೆ ಆಧಾರ. ಡಿಸ್ಕ್ ಬಳಕೆಗೆ ಸಿಗಬೇಕಾದರೆ ಮೂರು ಕೆಲಸಗಳು ಅನುಕ್ರಮವಾಗಿ ನಡೆಯಬೇಕು: ಕರ್ನಲ್ ಡಿಸ್ಕನ್ನು ಗುರುತಿಸಬೇಕು, ಗುಪ್ತಪದದಿಂದ ಬೀಗ ತೆರೆಯಬೇಕು, ಒಳಗಿನ ಕಡತ ವ್ಯವಸ್ಥೆ ಮೌಂಟ್ ಆಗಬೇಕು. ಎಲ್ಲಿ ತಡೆಯಾಗಿದೆ ಎಂಬುದನ್ನು ಇದೇ ಕ್ರಮದಲ್ಲಿ ಪತ್ತೆ ಹಚ್ಚಬೇಕು.

ಮೊದಲು ಗಣಕವನ್ನು ಒಮ್ಮೆ ಪುನರಾರಂಭಿಸುವುದು ಲೇಸು. ಕೆಲವು ಲಿನಕ್ಸ್ ಆವೃತ್ತಿಗಳು ನವೀಕರಣದ ವೇಳೆ ಹಳೆಯ ಕರ್ನಲ್‌ನ ಘಟಕಗಳನ್ನು ಅಳಿಸಿಹಾಕುತ್ತವೆ. ಹಳೆಯ ಕರ್ನಲ್ ಇನ್ನೂ ಚಾಲನೆಯಲ್ಲಿದ್ದರೆ ಯುಎಸ್‌ಬಿ ಅಥವಾ ಡಿಎಂ-ಕ್ರಿಪ್ಟ್ ಘಟಕ ಅದಕ್ಕೆ ದೊರೆಯುವುದಿಲ್ಲ.

ಬಳಿಕ ‘ಎಲ್‌ಎಸ್‌ಬಿಎಲ್‌ಕೆ’ ಆದೇಶದ ಪಟ್ಟಿಯಲ್ಲಿ ಡಿಸ್ಕ್ ಇದೆಯೇ ನೋಡಬೇಕು. ಇಲ್ಲದಿದ್ದರೆ ಕೇಬಲ್ ಮತ್ತು ಪೋರ್ಟ್ ಬದಲಿಸಿ ಪರೀಕ್ಷಿಸಬೇಕು. ಗಣಕ ಆರಂಭವಾಗುವಾಗ ಗ್ರಬ್ ಪಟ್ಟಿಯಿಂದ ಹಳೆಯ ಕರ್ನಲ್ ಆರಿಸಿಕೊಂಡಾಗ ಡಿಸ್ಕ್ ಕಾಣಿಸಿದರೆ, ಸಮಸ್ಯೆ ಹೊಸ ಕರ್ನಲ್‌ನದೆಂದು ತಿಳಿಯಬಹುದು.

ಡಿಸ್ಕ್ ಕಾಣಿಸುತ್ತಿದ್ದರೆ ‘ಕ್ರಿಪ್ಟ್‌ಸೆಟಪ್ ಓಪನ್’ ಆದೇಶದಿಂದ ಕೈಯಾರೆ ತೆರೆದು ನೋಡಬೇಕು. ತೆರೆದುಕೊಂಡಿತೆಂದರೆ ಗುಪ್ತಪದ ಸರಿಯಿದೆ. ದೋಷ ಸ್ವಯಂಚಾಲಿತ ವ್ಯವಸ್ಥೆಯದು.

ಹೆಸರಿನ ಗೊಂದಲ

ಬೀಗ ತೆರೆಯುವ ವಿವರ ‘ಕ್ರಿಪ್ಟ್‌ಟ್ಯಾಬ್’ ಕಡತದಲ್ಲಿಯೂ ಮೌಂಟ್ ಮಾಡುವ ವಿವರ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿಯೂ ಇರುತ್ತದೆ. ಅಲ್ಲಿ ‘ಎಸ್‌ಡಿಬಿ’ಯಂತಹ ಹೆಸರು ಬರೆದಿದ್ದರೆ ತೊಂದರೆ ಖಚಿತ. ಕರ್ನಲ್ ಡಿಸ್ಕುಗಳನ್ನು ಪತ್ತೆ ಮಾಡುವ ಕ್ರಮ ಬದಲಾದಂತೆ ನಿನ್ನೆಯ ‘ಎಸ್‌ಡಿಬಿ’ ಇಂದು ‘ಎಸ್‌ಡಿಸಿ’ ಆಗಬಹುದು. ಆದ್ದರಿಂದ ಬದಲಾಗದ ಯುಯುಐಡಿ ಸಂಖ್ಯೆಯನ್ನೇ ಬಳಸಬೇಕು. ಇಲ್ಲಿಯೂ ಎಚ್ಚರ ಅಗತ್ಯ. ಹೊರಗಿನ ಲಕ್ಸ್ ಕವಚಕ್ಕೊಂದು, ಒಳಗಿನ ಕಡತ ವ್ಯವಸ್ಥೆಗೊಂದು ಹೀಗೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಕ್ರಿಪ್ಟ್‌ಟ್ಯಾಬ್‌ಗೆ, ಎರಡನೆಯದು ಎಫ್‌ಎಸ್‌ಟ್ಯಾಬ್‌ಗೆ ಸೇರಬೇಕು.

ಎರಡೂ ಕಡತಗಳಲ್ಲಿ ‘ನೋಫೇಲ್’ ಎಂಬ ಆಯ್ಕೆಯನ್ನು ಸೇರಿಸುವುದು ಕ್ಷೇಮ. ಇಲ್ಲವಾದರೆ ಸಿಸ್ಟಂಡಿ ಬಳಸುವ ಗಣಕಗಳು ಡಿಸ್ಕ್ ಸಿಗದಿದ್ದಾಗ ಸಾಮಾನ್ಯವಾಗಿ 90 ಸೆಕೆಂಡು ಕಾದು, ಬಳಿಕ ತುರ್ತು ಸ್ಥಿತಿಗೆ ಜಾರುತ್ತವೆ. ಬೀಗದ ಕೀಲಿ ಕಡತ ಬೇರೊಂದು ಡಿಸ್ಕಿನಲ್ಲಿದ್ದರೆ, ಅದು ಮೊದಲೇ ಮೌಂಟ್ ಆಗಿದೆಯೇ ಎಂಬುದನ್ನೂ ನೋಡಬೇಕು.

ಹೆಡರ್ ಪ್ರತಿ ಇರಲಿ

ಲಕ್ಸ್ ಡಿಸ್ಕಿನ ಆರಂಭದಲ್ಲಿರುವ ಹೆಡರ್ ಭಾಗದಲ್ಲಿ ಮೂಲ ಕೀಲಿ ಅಡಗಿರುತ್ತದೆ. ಅದು ಅಳಿಸಿಹೋದರೆ ಗುಪ್ತಪದ ನೆನಪಿದ್ದರೂ ಪ್ರಯೋಜನವಿಲ್ಲ. ‘ಇನಿಶಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಎಂಬ ಸೂಚನೆಗೆ ಒಪ್ಪಿಗೆ ನೀಡಬಾರದೆನ್ನುವುದು ಇದೇ ಕಾರಣಕ್ಕೆ. ಡಿಸ್ಕ್ ಸುಸ್ಥಿತಿಯಲ್ಲಿರುವಾಗಲೇ ‘ಲಕ್ಸ್‌ಹೆಡರ್‌ಬ್ಯಾಕಪ್’ ಆದೇಶದಿಂದ ಪ್ರತಿ ತೆಗೆದು ಬೇರೆಡೆ ಭದ್ರವಾಗಿರಿಸಬೇಕು. ಗುಪ್ತಪದ ಬದಲಿಸಿದ ಮೇಲೂ ಹಳೆಯ ಪ್ರತಿಯು ಹಳೆಯ ಗುಪ್ತಪದಕ್ಕೆ ತೆರೆದುಕೊಳ್ಳುತ್ತದೆ. ಹಾಗಾಗಿ ಅದನ್ನು ನಾಶಪಡಿಸಿ ಹೊಸ ಪ್ರತಿ ತೆಗೆದಿರಿಸಿಕೊಳ್ಳಬೇಕು. ಆದರೆ ಹೆಡರ್ ಪ್ರತಿಯು ಕಡತಗಳ ಪ್ರತಿಯಲ್ಲ. ಮುಖ್ಯ ಕಡತಗಳ ಇನ್ನೊಂದು ನಕಲು ಮತ್ತೊಂದು ಡಿಸ್ಕಿನಲ್ಲಿ ಇದ್ದೇ ತೀರಬೇಕು.