ಅಗ್ಗದ ಗ್ರಾಫಿಕ್ಸ್ ಕಾರ್ಡ್: ಪೆಟ್ಟಿಗೆಯ ಮೇಲಿನ ಸಣ್ಣಕ್ಷರಗಳು

ಕಂಪ್ಯೂಟರ್ ಆಟದ ದೃಶ್ಯವನ್ನು ಮಾನಿಟರಿನ ಒಂದೊಂದು ಬಿಂದುವಿಗೂ ಬಣ್ಣ ಲೆಕ್ಕ ಹಾಕಿ ಮೂಡಿಸುವ ಬಿಡಿ ಸಾಧನವೇ ಗ್ರಾಫಿಕ್ಸ್ ಕಾರ್ಡ್. ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080ರಂತೆ 20,73,600 ಬಿಂದುಗಳಿರುವುದರಿಂದ, ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಕಾರ್ಡು ಅಷ್ಟರೊಳಗೆ 12 ಕೋಟಿಗೂ ಹೆಚ್ಚು ಬಿಂದುಗಳನ್ನು ತುಂಬಬೇಕಾಗುತ್ತದೆ. 2560ಕ್ಕೆ 1440ರ ಮಾನಿಟರಾದರೆ ಈ ಹೊರೆ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚೇ ಏರುತ್ತದೆ. ಹಾಗಾಗಿ ಯಾವ ಕಾರ್ಡು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಮೊದಲ ಜಾಗ ಮನೆಯ ಮೇಜಿನ ಮೇಲಿರುವ ಮಾನಿಟರು. ವ್ಯಾಲರಂಟ್‌ನಂಥ ಹಗುರ ಆಟವೊಂದನ್ನೇ ಆಡುವವರಿಗೆ ರೈಜನ್ 5 5600ಜಿಯಂತೆ ಚಿತ್ರ ಮೂಡಿಸುವ ಭಾಗವನ್ನೂ ಒಳಗೊಂಡ ಪ್ರೊಸೆಸರೇ ಸಾಕಾಗುತ್ತದೆ. ಆದರೆ ಅದಕ್ಕೆ ರ‍್ಯಾಮ್ ಕಡ್ಡಿ ಒಂದರ ಬದಲು ಎರಡಿರಬೇಕು. ಒಂದೇ ಕಡ್ಡಿಯಲ್ಲಿ ದತ್ತಾಂಶದ ದಾರಿ ಅರ್ಧವಾಗಿ ಆಟ ತಡವರಿಸುತ್ತದೆ.

ಬೆಂಗಳೂರಿಗೆ ಎಸ್.ಪಿ. ರಸ್ತೆ ಇದ್ದಂತೆ ಕೊಚ್ಚಿಯಲ್ಲಿ ಮೊಬೈಲು, ಕಂಪ್ಯೂಟರು ಸರಕಿಗೆ ಹೆಸರಾದದ್ದು ಮರೀನ್ ಡ್ರೈವಿನ ಪೆಂಟಾ ಮೇನಕಾ ಕಟ್ಟಡ. ಇಂಥ ಮಳಿಗೆಗಳಲ್ಲಿ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಕಾರ್ಡಿನ ಮೆಮೊರಿ ಎಷ್ಟೆಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಜಿಬಿಯ ಅಂಕಿಯಾದರೂ, ಕಾರ್ಡಿನ ಹಣೆಬರಹ ಇರುವುದು ಸಣ್ಣಕ್ಷರಗಳಲ್ಲಿ. ಎನ್‌ವಿಡಿಯಾದ ಜಿಟಿ 1030 ಇದಕ್ಕೆ ತಕ್ಕ ಸಾಕ್ಷಿ. 2017ರಲ್ಲಿ ಬಂದ ಅದರ ಮೊದಲ ರೂಪದಲ್ಲಿ ಜಿಡಿಡಿಆರ್5 ಮೆಮೊರಿಯಿದ್ದು, ಸೆಕೆಂಡಿಗೆ 48 ಜಿಬಿ ದತ್ತಾಂಶ ಹರಿಯುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ, ಅದೇ 2 ಜಿಬಿಯೊಂದಿಗೆ, ಆದರೆ ಡಿಡಿಆರ್4 ಮೆಮೊರಿಯೊಂದಿಗೆ ಬಂದ ರೂಪದಲ್ಲಿ ಈ ಹರಿವು 17 ಜಿಬಿಯ ಆಸುಪಾಸಿಗೆ ಕುಸಿದಿತ್ತು. ಮೆಮೊರಿಗೂ ಚಿಪ್ಪಿಗೂ ನಡುವಿನ ದಾರಿಯ ಅಗಲವನ್ನು ಬಸ್ ಅಗಲ ಎನ್ನುತ್ತಾರೆ. 2022ರ ಆರ್‌ಟಿಎಕ್ಸ್ 3050 ಕಾರ್ಡಿನಲ್ಲಿ 8 ಜಿಬಿ ಮೆಮೊರಿಗೆ 128 ಬಿಟ್ ದಾರಿಯಿದ್ದರೆ, 2024ರಲ್ಲಿ ಅದೇ ಹೆಸರು ಹೊತ್ತು ಬಂದ 6 ಜಿಬಿಯ ರೂಪದಲ್ಲಿ ದಾರಿ 96 ಬಿಟ್‌ಗೆ ಇಳಿದದ್ದಲ್ಲದೆ, ಲೆಕ್ಕ ಮಾಡುವ ಕೋರ್‌ಗಳೂ 2560ರಿಂದ 2304ಕ್ಕೆ ತಗ್ಗಿದವು. ಕೊಳ್ಳುವವನನ್ನು ಗೊಂದಲಕ್ಕೆ ಕೆಡವಲೆಂದೇ ಇಟ್ಟಂತಿರುವ ಈ ಹೆಸರುಗಳ ಬಗ್ಗೆ ಒಳ್ಳೆಯ ಮಾತು ಆಡುವುದು ಕಷ್ಟ.

ಆದರೂ ಕಚೇರಿಯ ಹಳೆಯ ಕಂಪ್ಯೂಟರುಗಳಲ್ಲಿ ಆ 6 ಜಿಬಿ ಕಾರ್ಡಿಗೆ ಒಂದು ನೆಲೆಯಿದೆ. ತಿರುವನಂತಪುರದ ಟೆಕ್ನೋಪಾರ್ಕ್ 1990ರಲ್ಲಿ, ಕೊಚ್ಚಿಯ ಇನ್ಫೋಪಾರ್ಕ್ 2004ರಲ್ಲಿ ಶುರುವಾದವು. ಇಂಥ ಐಟಿ ನಗರಗಳಲ್ಲಿ ಕಚೇರಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪನ್ನು ಕಡಿಮೆ ಬೆಲೆಗೆ ಕೊಂಡು ಅದನ್ನೇ ಆಟಕ್ಕೆ ಹದಗೊಳಿಸಲು ಹೊರಡುವವರು ಮೊದಲು ಎಡವುವುದು ಎಸ್‌ಎಂಪಿಎಸ್ ಬಳಿ, ಅಂದರೆ ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಒಗ್ಗುವಂತೆ ಮಾರ್ಪಡಿಸುವ ಡಬ್ಬಿಯ ಬಳಿ. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. 132 ವ್ಯಾಟ್ ಬೇಡುವ ಆರ್‌ಎಕ್ಸ್ 6600ರಂಥ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದಲೇ ಬೇರೆ ವೈರು ಬರಬೇಕು, ಅದು ಕಚೇರಿ ಯಂತ್ರದಲ್ಲಿ ಬಹುತೇಕ ಇರುವುದಿಲ್ಲ. 70 ವ್ಯಾಟಿನಲ್ಲಿ ನಡೆಯುವ 6 ಜಿಬಿಯ 3050 ಇಲ್ಲಿ ಸಲ್ಲುತ್ತದೆ. ಕ್ಯಾಬಿನೆಟ್ಟು ತೆಳ್ಳಗಿದ್ದರೆ ಅರ್ಧ ಎತ್ತರದ ಮಾದರಿಯೇ ಬೇಕಾಗುತ್ತದೆ. ಹಳೆಯ ಬೋರ್ಡಿನ ಇನ್ನೊಂದು ತೊಡಕು ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಪೀಳಿಗೆಗೆ ಸಂಬಂಧಿಸಿದ್ದು: 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ದತ್ತಾಂಶ ಸಾಗಿಸಲು ಕೇವಲ ನಾಲ್ಕು ಲೇನುಗಳನ್ನು ಬಳಸುವುದರಿಂದ, ಮೂರನೆಯ ಪೀಳಿಗೆಯ ಸ್ಲಾಟಿನಲ್ಲಿ ಮೆಮೊರಿ ತುಂಬಿದೊಡನೆ ಆಟ ಮುಗ್ಗರಿಸುತ್ತದೆ.

ಕೇರಳದ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ನೋಡಿಕೊಳ್ಳುವ, ತಿರುವನಂತಪುರದಲ್ಲಿ ಕೇಂದ್ರ ಕಚೇರಿಯಿರುವ ಕೈಟ್ ಸಂಸ್ಥೆ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿರುವುದರಿಂದ, ಆ ಶಾಲೆಗಳಲ್ಲಿ ಓದಿದವರಿಗೆ ಲಿನಕ್ಸ್ ಹೊಸತಲ್ಲ. ಅದರಲ್ಲೇ ಆಡಬಯಸುವವರಿಗೆ ಎಎಮ್‌ಡಿ ಕಾರ್ಡು ಅನುಕೂಲ, ಅದರ ಮುಕ್ತ ಡ್ರೈವರು ಲಿನಕ್ಸ್ ಕರ್ನಲ್‌ನೊಳಗೇ ಇರುತ್ತದೆ. ವ್ಯಾಲರಂಟ್ ಮಾತ್ರ ಅಲ್ಲಿ ನಡೆಯುವುದಿಲ್ಲ.

ಕೊಚ್ಚಿ, ತಿರುವನಂತಪುರ ಈ ಎರಡೂ ಕರಾವಳಿ ನಗರಗಳಲ್ಲಿ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಪ್ಪು ಬೆರೆತ ತೇವಗಾಳಿಗೆ ಕಾರ್ಡಿನ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ. ತುಕ್ಕು ಮತ್ತು ಸುಟ್ಟ ಗುರುತು ವಾರಂಟಿಗೆ ಹೊರತು ಎಂಬ ಷರತ್ತು ಸಾಮಾನ್ಯವಾದ್ದರಿಂದ ಬಿಲ್ಲು ಕೈಯಲ್ಲಿದ್ದರೂ ಪ್ರಯೋಜನವಾಗದು. ಏಪ್ರಿಲ್-ಮೇ ತಿಂಗಳ ಮಳೆಯಲ್ಲೂ, ತುಲಾವರ್ಷ ಎನ್ನುವ ಅಕ್ಟೋಬರ್-ನವೆಂಬರ್‌ನ ಹಿಂಗಾರು ಮಳೆಯಲ್ಲೂ ಮಧ್ಯಾಹ್ನದ ನಂತರ ಸಿಡಿಲು ಹೆಚ್ಚು. ಸಿಡಿಲಿನ ಒತ್ತಡ ವಿದ್ಯುತ್ ತಂತಿಯಲ್ಲಷ್ಟೇ ಅಲ್ಲದೆ ಇಂಟರ್‌ನೆಟ್ಟಿನ ತಾಮ್ರದ ಕೇಬಲ್ಲಿನಲ್ಲೂ ಒಳಬರಬಲ್ಲದಾದ್ದರಿಂದ ಎರಡನ್ನೂ ಕಳಚಿಡಬೇಕು, ಮನೆಯ ಅರ್ಥಿಂಗ್ ಕೂಡ ಸರಿಯಿರಬೇಕು. ಕಾರ್ಡಿಗೆಂದು ತೆಗೆದಿಟ್ಟ ಹಣದಲ್ಲಿ ಒಂದಂಶವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕುವುದು ಜಾಣತನ.

ಸೆಕೆಂಡ್ ಹ್ಯಾಂಡ್ ಸಂತೆಯ ಕತೆ ಬೇರೆ. ಎಥೀರಿಯಂ ನಾಣ್ಯಜಾಲ 2022ರ ಸೆಪ್ಟೆಂಬರ್ 15ರಂದು ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವ ಗಣಿಗಾರಿಕೆಯ ಪದ್ಧತಿಯನ್ನೇ ಕೈಬಿಟ್ಟಾಗ, ಹಗಲಿರುಳು ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಮಾರಾಟಕ್ಕೆ ಬಂದವು. ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿ ಮಾರುವ ನಕಲಿಗಳೂ ಇದ್ದು, ಅವುಗಳಲ್ಲಿ ಹಲವನ್ನು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ಗುರುತಿಸಿ ಹೇಳುತ್ತದೆ. ಕೊಳ್ಳುವ ಮುನ್ನ ಸ್ಲಾಟಿಗೆ ಕೂರುವ ಹೊಂಬಣ್ಣದ ಅಂಚಿನಲ್ಲಿ ಹಸಿರು ಕಲೆ ಇದೆಯೇ, ಹಿಂಬದಿಯ ತಿರುಪುಗಳ ತಲೆ ಸವೆದಿದೆಯೇ ನೋಡಿ, ಭಾರದ ಆಟವೊಂದನ್ನು ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ, ಫ್ಯಾನಿನ ಸದ್ದು ಕೇಳಬೇಕು. ಮೆಮೊರಿ ಕೆಟ್ಟಿದ್ದರೆ ಬಿಸಿಯೇರಿದ ಮೇಲೆ ಚಿತ್ರದ ನಡುವೆ ಬಣ್ಣದ ಚುಕ್ಕಿ, ಚೌಕಗಳು ಮಿಣುಕತೊಡಗುತ್ತವೆ. ಅಂಥ ಕಾರ್ಡನ್ನು ಅರ್ಧ ಬೆಲೆಗೆ ಕೊಟ್ಟರೂ ಬಿಟ್ಟು ಬರುವುದು ಲೇಸು.