ಏಪ್ರಿಲ್ ಸಂಬಳ ಹಾಕುವ ಮುನ್ನ

ಹತ್ತು ಹದಿನೈದು ಜನರನ್ನಿಟ್ಟುಕೊಂಡು ಅಂಗಡಿ, ಬೇಕರಿ, ವರ್ಕ್‌ಶಾಪ್ ನಡೆಸುವವರಿಗೆ ಕಾರ್ಮಿಕ ಕಾನೂನು ನೆನಪಾಗುವುದು ಸಾಮಾನ್ಯವಾಗಿ ಇನ್‌ಸ್ಪೆಕ್ಟರ್ ಬಾಗಿಲಿಗೆ ಬಂದಾಗ. ಆದರೆ ಬದಲಾವಣೆಗಳಲ್ಲಿ ಕೆಲವಕ್ಕಾದರೂ ನಿಗದಿತ ತಿಂಗಳಿದೆ.

ಮುಖ್ಯವಾದದ್ದು ಏಪ್ರಿಲ್. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆ ಸೇರುವ ವಿಡಿಎ, ಅಂದರೆ ಬೆಲೆಗಳಿಗೆ ತಕ್ಕಂತೆ ಬದಲಾಗುವ ತುಟ್ಟಿಭತ್ಯೆ, ಪ್ರತಿವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ನಿಮ್ಮ ಉದ್ಯಮ, ನಿಮ್ಮ ಊರಿನ ವಲಯ, ಕೆಲಸಗಾರ ಕುಶಲನೋ ಅಕುಶಲನೋ ಎಂಬುದನ್ನು ನೋಡಿ ಮೊತ್ತ ಹುಡುಕಬೇಕು. ಎಡವುವುದು ಇಲ್ಲೇ. ಲೆಕ್ಕ ಬರೆಯುವವರು ಹಳೆಯ ಎಕ್ಸೆಲ್ ಶೀಟನ್ನೇ ಕಾಪಿ ಮಾಡಿ ತಿಂಗಳ ಹೆಸರಷ್ಟೇ ಬದಲಿಸುತ್ತಾರೆ. ಆಮೇಲೆ ಅಷ್ಟೂ ತಿಂಗಳ ಬಾಕಿ ಒಟ್ಟಿಗೆ ಕಟ್ಟಬೇಕಾಗುತ್ತದೆ.

‘ನಮ್ಮಲ್ಲಿರುವುದೇ ಆರು ಜನ, ನಮಗೂ ಇದೆಲ್ಲ ಬರುತ್ತದಾ?’ ಕನಿಷ್ಠ ವೇತನಕ್ಕೆ ತಲೆಲೆಕ್ಕ ಇಲ್ಲ. ನೌಕರರ ವೈದ್ಯಕೀಯ ವಿಮೆಯಾದ ಇಎಸ್‌ಐ 10 ಜನರಿಂದ, ಭವಿಷ್ಯನಿಧಿಯಾದ ಪಿಎಫ್ 20 ಜನರಿಂದ ಕಡ್ಡಾಯ. ಒಮ್ಮೆ ಇವುಗಳ ವ್ಯಾಪ್ತಿಗೆ ಬಂದರೆ, ಜನ ಕಡಿಮೆಯಾದರೆಂದು ಬಿಡುವಂತಿಲ್ಲ. ದೀಪಾವಳಿ ಸೀಸನ್ನಿಗೆ ಹುಡುಗರನ್ನು ಸೇರಿಸಿಕೊಳ್ಳುವವರು ಇದನ್ನು ಗಮನದಲ್ಲಿಡಿ.

ಇನ್ನು 2025ರ ನವೆಂಬರ್ 21ರಂದು 29 ಕೇಂದ್ರ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದವು. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ಸಂಬಳದ ಚೀಟಿಯನ್ನಾದರೂ ತೆಗೆದು ನೋಡಿ. ಒಬ್ಬರಿಗೆ ತಿಂಗಳಿಗೆ 40,000 ರೂಪಾಯಿ ಕೊಡುತ್ತೀರಿ ಎನ್ನಿ. ಮೂಲವೇತನ, ತುಟ್ಟಿಭತ್ಯೆ ಸೇರಿ 16,000. ಉಳಿದ 24,000 ಮನೆಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ. ಇಂಥ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟು ವೇತನಕ್ಕೇ ಸೇರುತ್ತದೆ. ಇಲ್ಲಿ 4,000 ಸೇರಿ ವೇತನ 20,000 ಆಯಿತು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಉಪದಾನ, ವರ್ಷಕ್ಕೆ 15 ದಿನದ ವೇತನದಂತೆ. ಐದು ವರ್ಷಕ್ಕೆ 16,000ದ ಮೇಲೆ 46,154 ರೂಪಾಯಿ ಬರುತ್ತಿದ್ದದ್ದು 20,000ದ ಮೇಲೆ 57,692 ಆಗುತ್ತದೆ. ಭತ್ಯೆ ಉಬ್ಬಿಸಿ ಮೂಲವೇತನ ಇಳಿಸುವ ಜಾಣತನ ಇನ್ನು ಅಷ್ಟಾಗಿ ನಡೆಯದು. ನನಗಂತೂ ಅದು ಸರಿಯೆನಿಸುತ್ತದೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು.

ವರ್ಷದ ಕೊನೆಗೆ ಕಾರ್ಮಿಕ ಕಲ್ಯಾಣ ನಿಧಿ. ಅದರ ವ್ಯಾಪ್ತಿಯಲ್ಲಿದ್ದರೆ ನೌಕರನಿಂದ 50, ನಿಮ್ಮಿಂದ 100 ರೂಪಾಯಿಯನ್ನು ಜನವರಿ 15ರೊಳಗೆ ಕಟ್ಟಿ. ವೃತ್ತಿ ತೆರಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳದವರಿಗೆ ತಿಂಗಳಿಗೆ 200; 2025ರ ಏಪ್ರಿಲ್‌ನಿಂದ ಫೆಬ್ರವರಿಯಲ್ಲಿ ಮಾತ್ರ 300.

ಖರ್ಚು? ಪಿಎಫ್, ಇಎಸ್‌ಐ ಪೋರ್ಟಲ್‌ಗಳಲ್ಲಿ ನೋಂದಣಿಗೆ ಶುಲ್ಕವಿಲ್ಲ. ಇಎಸ್‌ಐಗೆ 21,000ದವರೆಗಿನ ವೇತನದವರಿಗೆ ನಿಮ್ಮ ಪಾಲು ಶೇ. 3.25, ನೌಕರರದು ಶೇ. 0.75. ಕನ್ಸಲ್ಟೆಂಟ್ ಇಟ್ಟುಕೊಂಡರೆ ಅವರ ಫೀಸು ಬೇರೆ. ತಡವಾದರೆ ದಂಡ ಯಾರು ಕಟ್ಟಬೇಕು ಎಂಬುದನ್ನು ಅವರಿಂದ ಮೊದಲೇ ಬರೆಸಿಕೊಳ್ಳಿ.

ಪಟ್ಟಿ, ಆದೇಶಗಳು ಕಾರ್ಮಿಕ ಇಲಾಖೆಯ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಅನುಮಾನವಿದ್ದರೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ನೋಡಿ ಸಂಬಳ ಬದಲಿಸುವ ಮುಂಚೆ ಆದೇಶದ ಸಂಖ್ಯೆ, ದಿನಾಂಕ ತಾಳೆ ಮಾಡಿ, ಒಂದು ಪ್ರತಿಯನ್ನು ವೇತನ ರಿಜಿಸ್ಟರಿನಲ್ಲಿ ಇಟ್ಟುಬಿಡಿ.